ಕ್ಯಾಸೆಟ್ ಪಾಠಗಳು: ಕಂಪ್ಯೂಟರ್ ಕಲಿಸಿದ ಹಳೆಯ ಟೇಪುಗಳ ಕತೆ



ಇವತ್ತಿನ ಮಾತು ಹಳೆಯ ವಿಡಿಯೊ ಕ್ಯಾಸೆಟ್‌ಗಳ ಬಗ್ಗೆ. ಸಿನಿಮಾ ಕ್ಯಾಸೆಟ್ ಅಲ್ಲ, ಮದುವೆ ಕ್ಯಾಸೆಟ್ಟೂ ಅಲ್ಲ. ಕಂಪ್ಯೂಟರ್ ಕಲಿಸಲೆಂದೇ ಮಾಡಿದ ಕ್ಯಾಸೆಟ್‌ಗಳು. ಮೌಸ್ ಹಿಡಿಯುವುದು ಹೇಗೆ, ಫ್ಲಾಪಿ ಹಾಕುವುದು ಹೇಗೆ, ಪ್ರೋಗ್ರಾಂ ಬರೆಯುವುದು ಹೇಗೆ ಎಂದು ಹೇಳಿಕೊಡುತ್ತಿದ್ದ ಟೇಪುಗಳು. ಆ ಕಂಪ್ಯೂಟರ್‌ಗಳೇ ಈಗ ಇಲ್ಲ, ಆ ಟೇಪು ಯಾರಿಗೆ ಬೇಕು ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಉತ್ತರವಾಗಿ ಈಚೆಗೆ ನಡೆದ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ.

ಗ್ರೇಸ್ ಹಾಪರ್ ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಾರ್ವರ್ಡ್ ಮಾರ್ಕ್ 1 ಎಂಬ ದೈತ್ಯ ಯಂತ್ರಕ್ಕೆ ಪ್ರೋಗ್ರಾಂ ಬರೆದವರು, 1952ರಷ್ಟು ಹಿಂದೆಯೇ ಕಂಪೈಲರ್ ಎಂಬ ಕಲ್ಪನೆಗೆ ರೂಪ ಕೊಟ್ಟವರು, ಕೋಬಾಲ್ ಭಾಷೆ ಹುಟ್ಟಲು ದಾರಿ ಮಾಡಿದವರು. ಅಮೆರಿಕದ ನೌಕಾಪಡೆಯ ಅಧಿಕಾರಿಯಾಗಿದ್ದ ಈಕೆಗೆ ಪಾಠ ಹೇಳುವ ಕಲೆ ಚೆನ್ನಾಗಿ ಒಲಿದಿತ್ತು. ಒಂದು ನ್ಯಾನೊಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಹೆಚ್ಚೆಂದರೆ ಎಷ್ಟು ದೂರ ಹೋದೀತು ಎಂದು ತೋರಿಸಲು ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚುತ್ತಿದ್ದರು. ಕಣ್ಣಿಗೆ ಕಾಣದ ಕಾಲದ ಚೂರು ಹೀಗೆ ಕೈಗೆ ಸಿಗುತ್ತಿತ್ತು.

1982ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ, ಅಂದರೆ ಎನ್.ಎಸ್.ಎ.ಯ ಸಿಬ್ಬಂದಿಗೆ ಒಂದು ಉಪನ್ಯಾಸ ಕೊಟ್ಟರು. ಮುಂದೆ ಏನೆಲ್ಲ ಆಗಬಹುದು ಎಂಬುದು ವಿಷಯ. ದತ್ತಾಂಶ, ಯಂತ್ರ, ತಂತ್ರಾಂಶ ಮತ್ತು ಜನ ಎಂಬ ನಾಲ್ಕೂ ಅದರ ಶೀರ್ಷಿಕೆಯಲ್ಲೇ ಇದ್ದವು. ಉಪನ್ಯಾಸ ಒಂದು ಇಂಚು ಅಗಲದ ಎರಡು ಟೇಪುಗಳಲ್ಲಿ ದಾಖಲಾಯಿತು, ಸಂಸ್ಥೆಯ ಕಪಾಟು ಸೇರಿತು. ಎಷ್ಟೋ ವರ್ಷಗಳ ಮೇಲೆ ಮಾಹಿತಿ ಹಕ್ಕಿನ ಕಾನೂನಿನಡಿ ಅದನ್ನು ಕೇಳಿದವರಿಗೆ ಸಿಕ್ಕ ಉತ್ತರ ವಿಚಿತ್ರವಾಗಿತ್ತು: ಟೇಪು ಇದೆ, ಆದರೆ ಅದನ್ನು ಓಡಿಸುವ ಯಂತ್ರ ನಮ್ಮಲ್ಲಿಲ್ಲ. ಗುಪ್ತ ಸಂದೇಶಗಳನ್ನು ಭೇದಿಸುವುದೇ ಕಸುಬಾಗಿರುವ ಸಂಸ್ಥೆಗೆ ತನ್ನದೇ ಕಪಾಟಿನ ಟೇಪು ನೋಡಲು ಆಗಲಿಲ್ಲ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ಕೊನೆಗೆ ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ತಜ್ಞರು ಆ ಟೇಪುಗಳಿಂದ ಚಿತ್ರವನ್ನು ಹೊರತೆಗೆದರು. 2024ರ ಆಗಸ್ಟ್‌ನಲ್ಲಿ, ಅಂದರೆ 42 ವರ್ಷಗಳ ನಂತರ, ಅದು ಎಲ್ಲರಿಗೂ ನೋಡಲು ಸಿಕ್ಕಿತು.

ಹಾಪರ್ ಹೆಸರು ದೊಡ್ಡದು, ಹಾಗಾಗಿ ಅವರ ಟೇಪಿಗೆ ಬಿಡುಗಡೆ ಸಿಕ್ಕಿತು. ಹೆಸರಿಲ್ಲದ ಮೇಷ್ಟರು ಮಾಡಿದ ಪಾಠಗಳ ಗತಿ ಏನು? ಅದನ್ನು ತಿಳಿಯಬೇಕಾದರೆ ಟೇಪು ಶಾಲೆಗೆ ಬಂದ ಕಾಲಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಎಂಜಿನಿಯರಿಂಗ್ ತರಗತಿಗಳನ್ನು ಸುತ್ತಮುತ್ತಲಿನ ಕಂಪನಿಗಳಿಗೆ ಟಿ.ವಿ. ಪ್ರಸಾರದ ಮೂಲಕ ತಲುಪಿಸುತ್ತಿತ್ತು. ದೂರದ ಸಾಂಟಾ ರೋಸಾದಲ್ಲಿದ್ದ ಹ್ಯೂಲೆಟ್ ಪ್ಯಾಕರ್ಡ್ ಎಂಜಿನಿಯರುಗಳಿಗೆ ಆ ಪ್ರಸಾರ ಎಟುಕುತ್ತಿರಲಿಲ್ಲ. ಜೇಮ್ಸ್ ಗಿಬ್ಬನ್ಸ್ ಎಂಬ ಪ್ರಾಧ್ಯಾಪಕರು ಒಂದು ಉಪಾಯ ಮಾಡಿದರು. ಪಾಠವನ್ನು ಟೇಪಿನಲ್ಲಿ ಹಿಡಿದು ಕಳಿಸುವುದು; ಅಲ್ಲಿ ನಾಲ್ಕಾರು ಜನ ಒಟ್ಟಿಗೆ ಕೂತು ನೋಡುವುದು; ಅರ್ಥವಾಗದ ಕಡೆ ಟೇಪು ನಿಲ್ಲಿಸಿ ತಮ್ಮತಮ್ಮಲ್ಲೇ ಚರ್ಚೆ ಮಾಡುವುದು. ಜೊತೆಗಿರುವವನು ಪ್ರಾಧ್ಯಾಪಕನಲ್ಲ, ಅದೇ ಕಂಪನಿಯ ಒಬ್ಬ ಎಂಜಿನಿಯರ್. ಫಲಿತಾಂಶ ಎಲ್ಲರಿಗೂ ಅಚ್ಚರಿ ತಂದಿತು. ಹೀಗೆ ಕಲಿತವರು ಕ್ಯಾಂಪಸ್ಸಿನಲ್ಲೇ ಕೂತು ಕೇಳಿದ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಮಾಡಿದರು. 1977ರಲ್ಲಿ ಇದು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತರಗತಿಯಲ್ಲಿ ಮೇಷ್ಟರನ್ನು ತಡೆದು ನಿಲ್ಲಿಸಲು ಸಂಕೋಚ, ಟೇಪಿನ ಮುಂದೆ ಆ ಸಂಕೋಚ ಇಲ್ಲ. ನೀವು ಇವತ್ತು ಯೂಟ್ಯೂಬ್ ಪಾಠವನ್ನು ನಿಲ್ಲಿಸಿ, ಹಿಂದೆ ಸರಿಸಿ, ಗೆಳೆಯರನ್ನು ಕೇಳಿ ಕಲಿಯುತ್ತೀರಲ್ಲ, ಅದರ ಅಜ್ಜ ಇದೇ.

1986ರ ಜುಲೈಯಲ್ಲಿ ಇನ್ನೊಂದು ಕೆಲಸ ನಡೆಯಿತು. ಎಂ.ಐ.ಟಿ.ಯ ಹ್ಯಾರಲ್ಡ್ ಏಬೆಲ್ಸನ್ ಮತ್ತು ಜೆರಾಲ್ಡ್ ಸಸ್‌ಮನ್ ತಮ್ಮ ಮೊದಲ ವರ್ಷದ ಕಂಪ್ಯೂಟರ್ ಪಾಠವನ್ನು ಹ್ಯೂಲೆಟ್ ಪ್ಯಾಕರ್ಡ್ ನೌಕರರಿಗಾಗಿ ಮಾಡಿದರು. ಕಂಪನಿಯೇ 20 ಉಪನ್ಯಾಸಗಳನ್ನು ಟೇಪು ಮಾಡಿತು. ಕಂಪ್ಯೂಟರ್ ವಿಜ್ಞಾನ ಎಂಬ ಹೆಸರೇ ಸರಿಯಿಲ್ಲ, ಅದು ವಿಜ್ಞಾನವೂ ಅಲ್ಲ, ನಿಜವಾಗಿ ಕಂಪ್ಯೂಟರಿನ ಬಗ್ಗೆಯೂ ಅಲ್ಲ ಎಂದು ಏಬೆಲ್ಸನ್ ಮೊದಲ ಪಾಠದಲ್ಲೇ ಹೇಳುತ್ತಾರೆ. ಒಂದು ಕಂಪನಿಯ ನೌಕರರಿಗಾಗಿ ಮಾಡಿದ ಆ ಟೇಪುಗಳನ್ನು ಎಂ.ಐ.ಟಿ. ಮುಂದೆ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಇವತ್ತಿಗೂ ಅದನ್ನು ನೋಡಿ ಕಲಿಯುವವರಿದ್ದಾರೆ.

ಇದು ದೊಡ್ಡ ಕಂಪನಿಗಳ ಮಾತಾಯಿತು. ಮನೆಗಳಿಗೂ ವಿ.ಸಿ.ಆರ್. ಬಂದ ಮೇಲೆ ಕಂಪ್ಯೂಟರ್ ಪಾಠದ ಕ್ಯಾಸೆಟ್‌ಗಳೇ ಒಂದು ವ್ಯಾಪಾರವಾದವು. ತಂತ್ರಾಂಶದ ಜೊತೆ ಬರುತ್ತಿದ್ದ ಕೈಪಿಡಿ ಇಟ್ಟಿಗೆಯಷ್ಟು ದಪ್ಪ. ಅದನ್ನು ಓದುವ ಬದಲು ಒಂದು ಗಂಟೆ ಸೋಫಾದಲ್ಲಿ ಕೂತು ಕಲಿಯಬಹುದು ಎಂಬ ಆಸೆ. 1995ರಲ್ಲಿ ವಿಂಡೋಸ್ 95 ಬಂದಾಗ ಮೈಕ್ರೋಸಾಫ್ಟ್ ಫ್ರೆಂಡ್ಸ್ ಧಾರಾವಾಹಿಯ ಜೆನಿಫರ್ ಆನಿಸ್ಟನ್ ಮತ್ತು ಮ್ಯಾಥ್ಯೂ ಪೆರಿಯವರನ್ನು ಹಾಕಿಕೊಂಡು ಒಂದು ಗಂಟೆಯ ಮಾರ್ಗದರ್ಶಿ ಕ್ಯಾಸೆಟ್ಟನ್ನೇ ತಂದಿತು. ಈಗ ನೋಡಿದರೆ ನಗು ಬರುತ್ತದೆ. ನಗುತ್ತಲೇ ಸ್ವಲ್ಪ ಗಮನಿಸಿ ನೋಡಿ: ಸ್ಟಾರ್ಟ್ ಬಟನ್ ಅಂದರೆ ಏನು ಎಂದು ಒಬ್ಬರು ಇನ್ನೊಬ್ಬರಿಗೆ ಬಿಡಿಸಿ ಹೇಳಬೇಕಾಗಿದ್ದ ಕಾಲ ಅದು.

ಟಿ.ವಿ.ಯಲ್ಲಿ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಕಾರ್ಯಕ್ರಮವಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊದ ಒಂದು ಸಾರ್ವಜನಿಕ ವಾಹಿನಿಯಲ್ಲಿ ಹುಟ್ಟಿ, 1983ರಿಂದ ದೇಶಕ್ಕೆಲ್ಲ ಹಬ್ಬಿ, 2002ರವರೆಗೆ ನಡೆಯಿತು. ಸ್ಟುವರ್ಟ್ ಶಿಫೆ ನಡೆಸಿಕೊಡುತ್ತಿದ್ದರು. ಬಹುಕಾಲ ಅವರ ಪಕ್ಕದಲ್ಲಿ ಕೂರುತ್ತಿದ್ದವರು ಗ್ಯಾರಿ ಕಿಲ್ಡಾಲ್. ಐ.ಬಿ.ಎಂ. ಪಿ.ಸಿ. ಬರುವ ಮೊದಲು ಸಣ್ಣ ಕಂಪ್ಯೂಟರ್‌ಗಳಲ್ಲಿ ಮನೆಮಾತಾಗಿದ್ದ ಸಿ.ಪಿ.ಎಂ. ಎಂಬ ಆಪರೇಟಿಂಗ್ ಸಿಸ್ಟಮ್ ಬರೆದವರೇ ಅವರು. ಮಾರುಕಟ್ಟೆಯ ಓಟದಲ್ಲಿ ಹಿಂದೆ ಬಿದ್ದು 1994ರಲ್ಲಿ ತೀರಿಕೊಂಡರು. ಪುಸ್ತಕಗಳಲ್ಲಿ ಅವರದು ಸೋತವನ ಕತೆ. ಈ ಕಂತುಗಳಲ್ಲಿ ಕಾಣುವ ಕಿಲ್ಡಾಲ್ ಬೇರೆ: ಸಮಾಧಾನದಿಂದ ಕೂತು, ಬಂದ ಅತಿಥಿಗಳಿಗೆ ಮೆಲುದನಿಯಲ್ಲಿ ಚುರುಕಾದ ಪ್ರಶ್ನೆ ಕೇಳುವ ಮನುಷ್ಯ. ಶಿಫೆಯವರು ಕಾರ್ಯಕ್ರಮವನ್ನು ಇಂಟರ್ನೆಟ್ ಆರ್ಕೈವ್‌ಗೆ ಒಪ್ಪಿಸಿದ್ದರಿಂದ ನೂರಾರು ಕಂತುಗಳು ಇವತ್ತು ಉಚಿತವಾಗಿ ಸಿಗುತ್ತವೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹಳೆಯ ಕಂಪ್ಯೂಟರ್‌ಗಳು ಮ್ಯೂಸಿಯಂನಲ್ಲಿವೆ. ಹಳೆಯ ತಂತ್ರಾಂಶವನ್ನು ಎಮ್ಯುಲೇಟರ್ ಬಳಸಿ ನಿಮ್ಮ ಬ್ರೌಸರ್‌ನಲ್ಲೇ ಓಡಿಸಬಹುದು. ಇನ್ನು ಟೇಪು ಯಾಕೆ?

ಒಂದು ಪ್ರಯೋಗ ಮಾಡಿ ನೋಡಿ. ಎಮ್ಯುಲೇಟರ್‌ನಲ್ಲಿ ವರ್ಡ್‌ಸ್ಟಾರ್ ತೆರೆಯಿರಿ. ಒಂದಷ್ಟು ಟೈಪ್ ಮಾಡಿ, ಸೇವ್ ಮಾಡಲು ಹೋಗಿ. ಮೌಸ್ ಕೆಲಸಕ್ಕೆ ಬಾರದು. ಕಂಟ್ರೋಲ್ ಒತ್ತಿ ಹಿಡಿದು ಕೆ, ಆಮೇಲೆ ಡಿ ಒತ್ತಬೇಕು. ಲೋಟಸ್ 1-2-3ರಲ್ಲಿ ಮೆನು ಬೇಕಾದರೆ ಓರೆಗೆರೆಯ ಕೀಲಿ ಒತ್ತಬೇಕು. ಯಂತ್ರ ಇದೆ, ತಂತ್ರಾಂಶ ಇದೆ, ಆದರೂ ನೀವು ಬಾಗಿಲಲ್ಲೇ ನಿಂತಿದ್ದೀರಿ. ಕೈಪಿಡಿ ನೋಡಿದರೆ ಯಾವ ಕೀಲಿ ಎಂದು ತಿಳಿಯುತ್ತದೆ. ಆದರೆ ಪಳಗಿದ ಕೈ ಆ ಕೀಲಿಗಳ ಮೇಲೆ ಹೇಗೆ ಓಡುತ್ತಿತ್ತು, ಎಲ್ಲಿ ಕಾಯುತ್ತಿತ್ತು, ಕಲಿಯುವವರು ಯಾವುದಕ್ಕೆ ಹೆದರುತ್ತಿದ್ದರು, ಮೇಷ್ಟರು ಯಾವುದನ್ನು ಎರಡೆರಡು ಸಲ ಹೇಳುತ್ತಿದ್ದರು ಎಂಬುದು ಕೈಪಿಡಿಯಲ್ಲಿ ಇರುವುದಿಲ್ಲ. ತಪ್ಪು ಕೀಲಿ ಒತ್ತಿದರೆ ಕಂಪ್ಯೂಟರ್ ಕೆಡುವುದಿಲ್ಲ ಎಂದು ಟೇಪಿನ ಮೇಷ್ಟರು ಧೈರ್ಯ ಹೇಳಿದರೆ, ಆ ಭಯ ಜನರಲ್ಲಿತ್ತು ಎಂದೇ ಅರ್ಥ. ಹಾಪರ್ ಹೇಳಿದ ನಾಲ್ಕರಲ್ಲಿ ದತ್ತಾಂಶ, ಯಂತ್ರ, ತಂತ್ರಾಂಶ ಮೂರನ್ನೂ ನಾವು ಹೇಗೋ ಉಳಿಸಿಕೊಳ್ಳುತ್ತಿದ್ದೇವೆ. ನಾಲ್ಕನೆಯದು, ಜನ, ಈ ಟೇಪುಗಳಲ್ಲಿದ್ದಾರೆ.

ಆದರೆ ಟೇಪು ಕಾಯುವುದಿಲ್ಲ. ಅದು ಯಾಕೆ ಎಂದು ತಿಳಿಯಲು ಅದರ ಒಳಗೆ ನೋಡಬೇಕು. ವಿ.ಎಚ್.ಎಸ್. ಟೇಪು ಅಂದರೆ ಅರ್ಧ ಇಂಚು ಅಗಲದ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಾಂತಗುಣವಿರುವ ಕಣಗಳ ಲೇಪ. ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ನೆಂಟ. ಕಣಗಳನ್ನು ಪಟ್ಟಿಗೆ ಹಿಡಿದಿಡಲು ಒಂದು ಅಂಟು. ವಿ.ಸಿ.ಆರ್.ನೊಳಗೆ ಓರೆಯಾಗಿ ಕೂರಿಸಿದ ಒಂದು ಡ್ರಮ್ ಅಮೆರಿಕದಲ್ಲಾದರೆ ಸೆಕೆಂಡಿಗೆ 30 ಸುತ್ತು ತಿರುಗುತ್ತದೆ. ಅದರ ಮೇಲಿನ ಪುಟಾಣಿ ಹೆಡ್‌ಗಳು ಟೇಪಿನ ಮೇಲೆ ಓರೆಗೆರೆಗಳಲ್ಲಿ ಬರೆದ ಚಿತ್ರವನ್ನು ಓದುತ್ತವೆ. ಇಲ್ಲಿ ಮೊದಲು ಸೋಲುವುದು ಅಂಟು. ಕೆಲವು ಬಗೆಯ ಟೇಪುಗಳಲ್ಲಿ ಅದು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಓಡಿಸಿದರೆ ಲೇಪ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಚಿತ್ರ ಶಾಶ್ವತವಾಗಿ ಹೋಗುತ್ತದೆ. ಸೆಖೆ, ತೇವ ಇರುವ ಕಡೆ ಬೂಷ್ಟು ಹಿಡಿಯುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಮನೆಗಳಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಟೇಪಿಗಿಂತ ಬೇಗ ಮುಗಿಯುತ್ತಿರುವುದು ಅದನ್ನು ಓಡಿಸುವ ಯಂತ್ರ. ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿತು. ಬಿಡಿಭಾಗ ಸಿಗುತ್ತಿಲ್ಲ ಎಂಬುದು ಒಂದು ಕಾರಣವಾಗಿತ್ತು. ಹೆಡ್ ಸವೆದರೆ ಹೊಸದು ತರುವುದೆಲ್ಲಿಂದ? ರಿಪೇರಿ ಬಲ್ಲವರಿಗೂ ವಯಸ್ಸಾಗಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಪತ್ರಾಗಾರ 2015ರಲ್ಲೇ ಎಚ್ಚರಿಕೆಯ ಗಂಟೆ ಬಾರಿಸಿತ್ತು: 2025ರ ಒಳಗೆ ಡಿಜಿಟಲ್‌ಗೆ ತರದ ಟೇಪುಗಳಲ್ಲಿ ಹೆಚ್ಚಿನವು ಕೈತಪ್ಪಿ ಹೋಗಬಹುದು ಎಂದು. ಆ ಗಡುವು ಬಂದೂ ಆಯಿತು. ಒಂದೇ ದಿನಕ್ಕೆ ಎಲ್ಲ ಟೇಪೂ ಸಾಯುವುದಿಲ್ಲ, ನಿಜ. ಆದರೆ ಪ್ರತಿ ವರ್ಷ ಖರ್ಚು ಏರುತ್ತದೆ, ಉಳಿಯುವ ಸಾಧ್ಯತೆ ಇಳಿಯುತ್ತದೆ.

ಉಳಿಸುವವರು ಏನು ಮಾಡುತ್ತಾರೆ? ಮೊದಲು ಟೇಪನ್ನು ನೋಡುತ್ತಾರೆ, ಮೂಸುತ್ತಾರೆ, ಬೂಷ್ಟಿದ್ದರೆ ಶುಚಿ ಮಾಡುತ್ತಾರೆ. ಅಂಟು ಜಿಗುಟಾದ ಟೇಪನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ತೇವ ಆರಿಸುತ್ತಾರೆ. ಇದಕ್ಕೆ ಬೇಕಿಂಗ್ ಅಂತಲೇ ಹೆಸರು. ಹಾಗಂತ ಅಡುಗೆಮನೆಯ ಓವನ್‌ನಲ್ಲಿ ಮಾಡಲು ಹೋಗಬೇಡಿ. ಬೇಯಿಸಿದ ಟೇಪು ಕೆಲವು ದಿನ ಅಥವಾ ವಾರ ಮಾತ್ರ ಸರಿಯಾಗಿ ಓಡುತ್ತದೆ, ಅಷ್ಟರಲ್ಲಿ ನಕಲು ಮುಗಿಯಬೇಕು. ಈಚೆಗೆ ಇನ್ನೊಂದು ದಾರಿ ತೆರೆದಿದೆ. ವಿ.ಸಿ.ಆರ್. ತಯಾರಿಸಿಕೊಡುವ ಚಿತ್ರವನ್ನು ನಂಬುವ ಬದಲು, ಹೆಡ್ ಓದಿದ ಕಚ್ಚಾ ಸಂಕೇತವನ್ನೇ ಹಿಡಿದು, ಅದರಿಂದ ಚಿತ್ರ ಕಟ್ಟುವ ಕೆಲಸವನ್ನು ಕಂಪ್ಯೂಟರ್‌ಗೆ ಬಿಡುವುದು. ವಿ.ಎಚ್.ಎಸ್. ಡಿಕೋಡ್ ಎಂಬ ಮುಕ್ತ ತಂತ್ರಾಂಶ ಇದನ್ನು ಮಾಡುತ್ತದೆ.

ಈ ತಂತ್ರಾಂಶದ ಬೇರು ಒಂದು ಸ್ವಾರಸ್ಯದ ಕತೆಗೆ ಹೋಗುತ್ತದೆ. 1086ರಲ್ಲಿ ಇಂಗ್ಲೆಂಡಿನ ದೊರೆ ಮಾಡಿಸಿದ ಭೂ ಲೆಕ್ಕದ ಪುಸ್ತಕಕ್ಕೆ ಡೂಮ್ಸ್‌ಡೇ ಎಂದು ಹೆಸರು. ಅದರ 900ನೇ ವರ್ಷಕ್ಕೆ, 1986ರಲ್ಲಿ, ಬಿ.ಬಿ.ಸಿ. ಹೊಸ ಡೂಮ್ಸ್‌ಡೇ ಮಾಡಿ ಲೇಸರ್ ಡಿಸ್ಕಿನಲ್ಲಿ ಹಾಕಿತು. ಸುಮಾರು 15 ವರ್ಷಗಳಲ್ಲೇ ಆ ಡಿಸ್ಕನ್ನು ಓದುವ ಯಂತ್ರ ಸಿಗುವುದು ದುರ್ಲಭವಾಯಿತು. 900 ವರ್ಷದ ಚರ್ಮದ ಹಾಳೆಗಳನ್ನು ಇವತ್ತೂ ಓದಬಹುದು! ಅಂಥ ಡಿಸ್ಕುಗಳನ್ನು ಉಳಿಸಲು ಹವ್ಯಾಸಿಗಳು ಕಟ್ಟಿದ ಉಪಕರಣ ಮತ್ತು ತಂತ್ರಾಂಶವೇ ಬೆಳೆದು ಈಗ ಕ್ಯಾಸೆಟ್‌ಗಳಿಗೂ ಆಸರೆಯಾಗಿದೆ.

ಬಿ.ಬಿ.ಸಿ.ಯ ಹೆಸರು ಬಂದದ್ದರಿಂದ ಅದರ ದೊಡ್ಡ ಕೆಲಸವೊಂದನ್ನು ಹೇಳಲೇಬೇಕು. 1982ರಲ್ಲಿ ಅದು ಬ್ರಿಟನ್ನಿನ ಜನರಿಗೆಲ್ಲ ಕಂಪ್ಯೂಟರ್ ಕಲಿಸಲು ಟಿ.ವಿ. ಪಾಠಮಾಲೆ ಶುರುಮಾಡಿತು. ಪಾಠದ ಜೊತೆಗೊಂದು ಯಂತ್ರ ಬೇಕಲ್ಲ? ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಬಿ.ಬಿ.ಸಿ. ಮೈಕ್ರೊ ಮಾಡಿಕೊಟ್ಟಿತು. ಅದೇ ತಂಡ ಮುಂದೆ ರೂಪಿಸಿದ ಚಿಪ್ಪಿನ ಸಂತಾನ ಎ.ಆರ್.ಎಂ.; ನಿಮ್ಮ ಜೇಬಿನ ಫೋನಿನಲ್ಲಿರುವುದು ಅದೇ. ಇಲ್ಲಿ ನಮ್ಮ ನಾಡಿನ ಎಳೆಯೂ ಸೇರುತ್ತದೆ. 1984ರ ಹೊತ್ತಿಗೆ ಭಾರತ ಸರ್ಕಾರ ಕ್ಲಾಸ್ ಎಂಬ ಯೋಜನೆಯಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಾಗ ಆರಿಸಿಕೊಂಡದ್ದು ಇದೇ ಬಿ.ಬಿ.ಸಿ. ಮೈಕ್ರೊ. 2018ರಲ್ಲಿ ಬಿ.ಬಿ.ಸಿ. ಈ ಪಾಠಗಳನ್ನೂ ಅದೇ ಕಾಲದ ಇತರ ಕಾರ್ಯಕ್ರಮಗಳನ್ನೂ ಸೇರಿಸಿ 267 ಕಾರ್ಯಕ್ರಮಗಳನ್ನು ಒಟ್ಟಿಗೆ ಹೊರತಂದಿತು. ಪಾಠದಲ್ಲಿ ತೋರಿಸಿದ ಪ್ರೋಗ್ರಾಂಗಳನ್ನು ಪಕ್ಕದಲ್ಲೇ ಓಡಿಸಿ ನೋಡಬಹುದು. ಪಾಠವೂ ಯಂತ್ರವೂ ಒಟ್ಟಿಗೆ ಉಳಿದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹೀಗೆ ಕಾಪಾಡುವ ದೊಡ್ಡ ಸಂಸ್ಥೆ ಎಲ್ಲ ಟೇಪಿಗೂ ಇಲ್ಲ. ಪಾಠದ ಕ್ಯಾಸೆಟ್ ಅಂದರೆ ಹಿತ್ತಲ ಗಿಡ, ಮದ್ದಲ್ಲ. ತಂತ್ರಾಂಶದ ಹೊಸ ಆವೃತ್ತಿ ಬಂದ ದಿನವೇ ಹಳೆಯ ಕ್ಯಾಸೆಟ್ ಕಸವಾಗುತ್ತಿತ್ತು. ಮಾಡಿದ ಕಂಪನಿಗಳೆಷ್ಟೋ ಮುಚ್ಚಿವೆ, ಮಾರಾಟವಾಗಿವೆ. ಹಾಗಿದ್ದೂ ಹಕ್ಕುಸ್ವಾಮ್ಯ ಬದುಕಿರುತ್ತದೆ. ಅಮೆರಿಕದ ಕಾನೂನಿನಂತೆ ಒಂದು ಕಂಪನಿ 1985ರಲ್ಲಿ ತನ್ನ ಹೆಸರಿನಲ್ಲಿ ಪ್ರಕಟಿಸಿದ ಟೇಪು 95 ವರ್ಷ, ಅಂದರೆ 2080ರ ಕೊನೆಯವರೆಗೆ ಅದರ ಸ್ವತ್ತು. ಟೇಪಿನ ಆಯಸ್ಸು ಸಾಮಾನ್ಯವಾಗಿ 10ರಿಂದ 30 ವರ್ಷ ಅನ್ನುತ್ತಾರೆ. ಹಾಳಾಗುತ್ತಿರುವ ಟೇಪನ್ನು ನಕಲು ಮಾಡಿಡಲು ಗ್ರಂಥಾಲಯಗಳಿಗೆ ಕಾನೂನು ಅವಕಾಶ ಕೊಟ್ಟಿದೆ, ಆದರೆ ಆ ಡಿಜಿಟಲ್ ಪ್ರತಿಯನ್ನು ಕಟ್ಟಡದ ಹೊರಗಿನವರಿಗೆ ತೋರಿಸಲು ಅಡ್ಡಿಗಳಿವೆ. ಕಾನೂನಿನ ಬೀಗ ತೆಗೆಯುವ ಹೊತ್ತಿಗೆ ಪೆಟ್ಟಿಗೆಯೊಳಗೆ ಏನೂ ಉಳಿದಿರುವುದಿಲ್ಲ.

ಆದ್ದರಿಂದಲೇ ಎಷ್ಟೋ ಟೇಪುಗಳು ಉಳಿದಿರುವುದು ಯಾರೋ ಒಬ್ಬರು ಎಸೆಯದೆ ಇಟ್ಟಿದ್ದರಿಂದ. ಫಿಲಡೆಲ್ಫಿಯಾದ ಮರಿಯನ್ ಸ್ಟೋಕ್ಸ್ ಎಂಬ ಮಹಿಳೆ ಮೂರು ದಶಕಗಳಿಗೂ ಹೆಚ್ಚು ಕಾಲ, 2012ರಲ್ಲಿ ತೀರಿಕೊಳ್ಳುವವರೆಗೂ, ಮನೆಯಲ್ಲಿ ಹಗಲಿರುಳು ಟಿ.ವಿ. ಸುದ್ದಿ ರೆಕಾರ್ಡ್ ಮಾಡಿದರು. ಸುಮಾರು 70 ಸಾವಿರ ಟೇಪುಗಳು! ಅವೂ ಇಂಟರ್ನೆಟ್ ಆರ್ಕೈವ್ ಸೇರಿವೆ. ವಾಹಿನಿಗಳೇ ಉಳಿಸದ ಎಷ್ಟನ್ನೋ ಒಂದು ಮನೆ ಉಳಿಸಿತು.

ಈಗ ನಿಮ್ಮ ಮನೆಯ ಮಾತು. ನಿಮ್ಮ ಅಪ್ಪ, ಅಮ್ಮ, ಚಿಕ್ಕಪ್ಪ, ಅತ್ತೆಯವರಲ್ಲಿ ಎಷ್ಟೋ ಮಂದಿ ಕಂಪ್ಯೂಟರ್ ಕಲಿತೇ ಈ ದೇಶಕ್ಕೆ ಬಂದವರು. ವರ್ಡ್‌ಸ್ಟಾರ್, ಡಿಬೇಸ್, ಕೋಬಾಲ್ ಎಂದು ಕೇಳಿ ನೋಡಿ, ಕೆಲವರ ಬೆರಳುಗಳು ಮೇಜಿನ ಮೇಲೇ ಕಂಟ್ರೋಲ್ ಕೆ ಡಿ ಒತ್ತಿ ತೋರಿಸುತ್ತವೆ. ಬೇಸ್‌ಮೆಂಟಿನ ಪೆಟ್ಟಿಗೆಯಲ್ಲಿ ಆಫೀಸಿನ ತರಬೇತಿ ಕ್ಯಾಸೆಟ್ ಇದ್ದರೂ ಇರಬಹುದು, ಊರಿನ ಅಟ್ಟದ ಮೇಲೂ ಇರಬಹುದು. ಊರಿಂದ ಬಂದ ಕ್ಯಾಸೆಟ್ ಆದರೆ ಒಂದು ವಿಷಯ ನೆನಪಿಡಿ. ಭಾರತದ್ದು ಪ್ಯಾಲ್ ಪದ್ಧತಿ, ಸೆಕೆಂಡಿಗೆ 25 ಚಿತ್ರ, ಅಮೆರಿಕದ್ದು ಎನ್.ಟಿ.ಎಸ್.ಸಿ., ಸುಮಾರು 30. ಊರಿನ ಮದುವೆ ಕ್ಯಾಸೆಟ್ ಇಲ್ಲಿನ ವಿ.ಸಿ.ಆರ್.ನಲ್ಲಿ ಸರಿಯಾಗಿ ಕಾಣದಿದ್ದುದು ಇದರಿಂದಲೇ. ಎರಡನ್ನೂ ಓದುವ ಮಲ್ಟಿಸಿಸ್ಟಮ್ ಯಂತ್ರ ಬೇಕು.

ಕ್ಯಾಸೆಟ್ ಸಿಕ್ಕರೆ ತಕ್ಷಣ ಹಾಕಿ ನೋಡುವ ಆತುರ ಬೇಡ. ಕಿಟಕಿಯಂಥ ಜಾಗದಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಓಡಿಸಿದರೆ ಯಂತ್ರವೂ ಕೆಡುತ್ತದೆ, ಆಮೇಲೆ ಹಾಕುವ ಒಳ್ಳೆಯ ಟೇಪಿಗೂ ಹತ್ತುತ್ತದೆ. ಬೆನ್ನಿನ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮುರಿದುಬಿಡಿ, ಮೇಲೆ ಯಾರೂ ರೆಕಾರ್ಡ್ ಮಾಡಲಾರರು. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿಡಿ. ಯಾವುದು, ಎಂದಿನದು, ಯಾರದು ಎಂದು ಚೀಟಿ ಬರೆದು ಅಂಟಿಸಿ. ಡಿಜಿಟಲ್‌ಗೆ ತರಲು ವಾಷಿಂಗ್ಟನ್ ಡಿ.ಸಿ. ಗ್ರಂಥಾಲಯದ ಮೆಮೊರಿ ಲ್ಯಾಬ್‌ನಂಥ ಸೌಲಭ್ಯ ಈಗ ಅಮೆರಿಕದ ಹಲವು ಸಾರ್ವಜನಿಕ ಗ್ರಂಥಾಲಯಗಳಲ್ಲಿದೆ. ನಕಲು ಆದ ಮೇಲೂ ಮೂಲ ಟೇಪನ್ನು ಎಸೆಯಬೇಡಿ. ನಾಳೆ ಇನ್ನೂ ಚೆನ್ನಾಗಿ ಓದುವ ವಿಧಾನ ಬಂದೀತು.

ಕ್ಯಾಸೆಟ್ ಸಿಗಲಿಲ್ಲವೇ? ಪರವಾಗಿಲ್ಲ, ಕಲಿತವರು ಮನೆಯಲ್ಲೇ ಇದ್ದಾರೆ. ಮೊದಲ ಕಂಪ್ಯೂಟರ್ ಮುಟ್ಟಿದ್ದು ಎಲ್ಲಿ, ಯಾರು ಹೇಳಿಕೊಟ್ಟರು, ಯಾವುದು ಅರ್ಥವಾಗದೆ ಕಾಡಿತು ಎಂದು ಫೋನಿನ ರೆಕಾರ್ಡರ್ ಒತ್ತಿ ಕೇಳಿ, ಕನ್ನಡದಲ್ಲೇ ಕೇಳಿ. ಹಾಪರ್ ಅವರ ಟೇಪಿಗೆ 42 ವರ್ಷ ಕಾದರೂ ಒಂದು ಯಂತ್ರ ಸಿಕ್ಕಿತು. ನಿಮ್ಮ ಮನೆಯವರ ನೆನಪನ್ನು ಕೇಳಲು ಬೇರೆ ಯಂತ್ರ ಬೇಕಿಲ್ಲ, ನಿಮಗೆ ಒಂದು ಸಂಜೆ ಬಿಡುವಿದ್ದರೆ ಸಾಕು.